ಮಾಳಿಗೆಯ ಮೇಲೆ ಚಾಚಿ ಬೆಳೆದದ್ದು

ಹೋದ ತಿಂಗಳು ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ಮೊಸರು ತೆಗೆಯುತ್ತಿದ್ದೆ. ಮೊಸರಿನ ಪಕ್ಕದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಒಳಗೆ ಮೆಂತೆಯ ಎಳೆ ಸಸಿ. ಇನ್ನೂ ಎರಡೇ ಎಲೆ ಒಡೆದದ್ದು, ಕಾಳಿನ ಸಿಪ್ಪೆ ಕೆಲವುಗಳ ತಲೆಯ ಮೇಲೆ ಹಾಗೇ ಕೂತಿತ್ತು. ಮೇಲೆ ‘ಮೈಕ್ರೋಗ್ರೀನ್ಸ್’ ಎಂಬ ಚೀಟಿ. ಒಂದು ಡಬ್ಬಿಯ ಮುಚ್ಚಳ ಸಡಿಲವಿತ್ತು. ಎತ್ತಿಕೊಂಡೊಡನೆ ಆ ವಾಸನೆ ಬಂತು... ಹಸಿಹಸಿ, ತುಸು ಕಹಿ, ತೊಯ್ದ ಮಣ್ಣಿನದು.

ಅಂಗಡಿಯ ಹುಡುಗಿ ಹತ್ತಿರ ಬಂದು, “ಹೊಸಾದ್ರಿ ಮೇಡಂ ಇದು. ಸಿಟಿಯೊಳಗ, ಮನಿಯೊಳಗ ಬೆಳೀತಾರಂತ. ಜಾಗಾನ ಬೇಕಾಗಂಗಿಲ್ಲಂತ್ರಿ” ಎಂದಳು.

“ಹೊಸಾದಲ್ಲ ತಂಗೀ ಇದು” ಎಂದೆ. ನನ್ನ ದನಿ ಎಷ್ಟು ಬಿರುಸಾಗಿತ್ತೆಂದರೆ ಹುಡುಗಿ ಗಾಬರಿಯಾಗಿ ಹಿಂದೆ ಸರಿದಳು. ಪಾಪ, ಅವಳ ತಪ್ಪೇನಿತ್ತು? ಡಬ್ಬಿಯನ್ನು ಅಲ್ಲೇ ಇಟ್ಟು ಮೊಸರನ್ನೂ ಮರೆತು ಹೊರಗೆ ಬಂದೆ. ಎದೆಯೊಳಗೆ ಎದ್ದ ಸಿಟ್ಟು ಮನೆ ಮುಟ್ಟಿದರೂ ಇಳಿಯಲಿಲ್ಲ. ಅದು ಹದಿನಾಲ್ಕು ವರ್ಷದ ಹಳೆಯ ಸಿಟ್ಟು. ಅದರಲ್ಲಿ ಅರ್ಧ ನನ್ನ ಮೇಲಿನದೇ.

ನಾನು ದೇವಿಕೊಪ್ಪದವಳು. ಮದುವೆಯಾಗಿ ಕಲಘಟಗಿಗೆ ಬಂದೆ. ಹುಬ್ಬಳ್ಳಿಯವರು ಕಲಘಟಗಿಯನ್ನು ಹಳ್ಳಿ ಎನ್ನುತ್ತಾರೆ, ದೇವಿಕೊಪ್ಪದ ನಮಗೆ ಮಾತ್ರ ಅದೇ ಪ್ಯಾಟಿ. ಗಂಡನ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಸಿಮೆಂಟಿನ ಮನೆ, ಸಿಮೆಂಟಿನ ಕಟ್ಟೆ, ಸಿಮೆಂಟಿನ ಓಣಿ. ಗೋಡೆಗೆ ಗೋಡೆ ಅಂಟಿಕೊಂಡಿದ್ದರಿಂದ ಹಿತ್ತಲೆಂಬುದೇ ಇರಲಿಲ್ಲ. ತವರಿನಲ್ಲಿ ಬೆಳಗ್ಗೆ ಎದ್ದು ಹಿತ್ತಲಿಗೆ ಹೋಗಿ ಕರಿಬೇವು ಹರಿದು ತಂದವಳಿಗೆ, ಕಡ್ಡಿ ಕೊತ್ತಂಬರಿಗೂ ಚೀಲ ಹಿಡಿದು ಹೊರಡುವುದು ವಿಚಿತ್ರವೆನಿಸುತ್ತಿತ್ತು.

ಬಂದ ಮೂರನೆಯ ದಿನ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದೆ. ಮೆಟ್ಟಿಲಿನ ಕೊನೆಯಲ್ಲಿ ಹಾಗೇ ನಿಂತುಬಿಟ್ಟೆ. ಮಾಳಿಗೆಯ ಒಂದು ಮೂಲೆಯಲ್ಲಿ ತಗಡು ಹೊದಿಸಿದ ಒಂದು ಖೋಲಿ. ಅದರ ಸುತ್ತ ಬಣ್ಣದ ಖಾಲಿ ಡಬ್ಬಿ, ಎಣ್ಣೆಯ ಡಬ್ಬಿ, ಸೀಳಿದ ಬಕೆಟ್ಟು, ಹಳೆಯ ಟೈರು, ಒಡೆದ ಮಕ್ಕಳ ಟಬ್ಬು. ಎಲ್ಲದರಲ್ಲೂ ಹಸಿರು. ಮುಳಗಾಯಿ, ಮೆಣಸಿನಕಾಯಿ, ಪುಂಡಿಪಲ್ಲೆ, ಪುದೀನಾ. ಖೋಲಿಯ ತಗಡಿನ ಮೇಲೆ ಹೀರೆಬಳ್ಳಿ ಹರಡಿ ಹಳದಿ ಹೂ ಬಿಟ್ಟಿತ್ತು. ಅದರ ನೆರಳಿಗೆ ಹೊಲಿಗೆ ಮಿಶಿನ್ ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದರು. ತಲೆಯ ಮೇಲೆ ಸೆರಗು, ಬಾಯಲ್ಲಿ ದಾರದ ತುದಿ.

“ದೇವಿಕೊಪ್ಪದ ಸೊಸಿ ನೀನ ಏನ? ಬಾ, ಬಟ್ಟಿ ಆ ಕಡೆ ಹಾಕು. ಈ ಕಡೆ ಹಾಕಿದರ ಬಳ್ಳಿಗೆ ಬಿಸಲ ಬರಂಗಿಲ್ಲ” ಎಂದರು.

ಇದು ಅವರು ನನಗೆ ಆಡಿದ ಮೊದಲ ಮಾತು. ಓಣಿಯವರೆಲ್ಲ ಅವರನ್ನು ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಮಿಶ್ರಿಕೋಟಿಗೆ ಕೊಟ್ಟಿದ್ದರು. ಊರಿನ ತೊಟ್ಟಿಲ ಅಂಗಡಿಯೊಂದಕ್ಕೆ ಕೂಸಿನ ಗಾದಿ, ದಿಂಬು, ಕುಂಚಿಗೆ ಹೊಲಿದುಕೊಡುವುದು ಅವರ ಕೆಲಸ. ತೊಟ್ಟಿಲಿಗೆ ಬಣ್ಣ ಹಚ್ಚುವವರು ಎಸೆದ ಡಬ್ಬಿಗಳನ್ನು ಕೇಳಿ ತಂದು, ಉಜ್ಜಿ ತೊಳೆದು, ತಳಕ್ಕೆ ಮೊಳೆಯಿಂದ ತೂತು ಹೊಡೆದು ಮಣ್ಣು ತುಂಬುತ್ತಿದ್ದರು. ನಾನು ಬರುವ ಹೊತ್ತಿಗೆ ಅವರು ಆ ಖೋಲಿಗೆ ಬಾಡಿಗೆಗೆ ಬಂದು ಒಂಬತ್ತು ವರ್ಷವಾಗಿತ್ತು.

ಒಂದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅವರ ಪ್ರತಿಯೊಂದು ಡಬ್ಬಿಯೂ ಎರಡು ಇಟ್ಟಿಗೆಯ ಮೇಲೆ ಇತ್ತು. ಇಟ್ಟಿಗೆಗಳ ನಡುವೆ, ಡಬ್ಬಿಯ ತೂತಿನ ಕೆಳಗೆ, ಒಂದು ಹಳೆಯ ತಾಟೋ ಒಡೆದ ಹಂಚೋ ಇರುತ್ತಿತ್ತು. ಇಳಿದ ನೀರು ಅದರಲ್ಲಿ ನಿಲ್ಲಬೇಕು. ಸಂಜೆ ಆ ನೀರನ್ನು ಬಸಿದು ಮತ್ತೆ ಗಿಡಕ್ಕೇ ಹಾಕುತ್ತಿದ್ದರು. ನಳದ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಏನೂ ದಂಡವಾಗುತ್ತಿರಲಿಲ್ಲ. ಇದೆಲ್ಲ ಯಾಕೆ ಚಾಚಿ ಎಂದು ಕೇಳಿದ್ದೆ.

“ಮಾಳಿಗಿ ನಂದಲ್ಲ ಮಗಳ. ಇರಾಕ ಕೊಟ್ಟಾರ. ಅವರ ಮನಿ ನನ್ನಿಂದ ಕೆಡಬಾರದು” ಎಂದಿದ್ದರು.

ನಮ್ಮ ಮನೆಯವರು ಅವರ ಗಿಡಗಳನ್ನು ಬೇಡವೆಂದದ್ದು ನಾನು ಕಂಡಿರಲಿಲ್ಲ. ಬೇಡವೆನ್ನುವುದಿರಲಿ, ಅತ್ತೆ ಒಲೆಯ ಮುಂದೆ ನಿಂತು, “ಚಾಚೀ, ನಾಕ ಹಸಿಮೆಣಸಿನಕಾಯಿ ಒಗೀ” ಎಂದು ಕೂಗುತ್ತಿದ್ದರು. ಒಂದು ನಿಮಿಷಕ್ಕೆ ಮೆಟ್ಟಿಲ ಮೇಲೆ ಕಾಯಿ ಬಂದಿರುತ್ತಿದ್ದವು. ಪ್ರತಿ ಬಳ್ಳಿಯ ಮೊದಲ ಹೀರೆಕಾಯಿ ನಮ್ಮ ಮನೆಗೆ. ಮಾವ ಹೀರೆಕಾಯಿಪಲ್ಲೆ ಎಂದರೆ ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದರು.

ಬಸುರಿಯಾದ ಹೊಸದರಲ್ಲಿ ನನಗೆ ಅನ್ನದ ವಾಸನೆಯೂ ಆಗುತ್ತಿರಲಿಲ್ಲ. ಚಾಚಿ ಕಲ್ಲಿನಲ್ಲಿ ಪುಂಡಿಪಲ್ಲೆ ಕುಟ್ಟಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ರೊಟ್ಟಿಯ ಮೇಲಿಟ್ಟು ಕೊಡುತ್ತಿದ್ದರು. ಅದೊಂದೇ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ನಾನು ಉಣ್ಣುವುದನ್ನು ನೋಡುತ್ತ ಮಿಶಿನ್ ತುಳಿಯುವುದನ್ನೂ ನಿಲ್ಲಿಸುತ್ತಿದ್ದರು. ಅಲ್ಲಿ ಕೂತು ನಾನು ತವರಿನ ಹಿತ್ತಲಿನ ಸುದ್ದಿ ಹೇಳುತ್ತಿದ್ದೆ. ನಮ್ಮಪ್ಪನ ತಿಪ್ಪೆಗೊಬ್ಬರದ ಮಾತು ಬಂದಾಗ ಅವರ ಕಣ್ಣು ಅರಳುತ್ತಿದ್ದವು.

“ಒಂದ ಬುಟ್ಟಿ ಸಿಕ್ಕಿದ್ದರ...” ಎಂದು ಅಲ್ಲಿಗೇ ನಿಲ್ಲಿಸಿದ್ದರು ಒಮ್ಮೆ.

ಮುಂದಿನ ವಾರ ಅಪ್ಪ ಒಂದು ಚೀಲ ಗೊಬ್ಬರವನ್ನು ಬಸ್ಸಿನಲ್ಲಿ ಹೇರಿಕೊಂಡು ಬಂದ. ಕಂಡಕ್ಟರು ಮೂಗು ಮುಚ್ಚಿಕೊಂಡು, “ಏನ್ರಿ ಯಜಮಾನ್ರ, ಬಸ್ಸಿನಾಗ ತಿಪ್ಪಿ ಹೇರೀರಿ?” ಎಂದನಂತೆ. ಅಪ್ಪ, “ತಿಪ್ಪಿ ಅಲ್ಲೋ ತಮ್ಮಾ, ಬಸುರಿ ಮಗಳಿಗೆ ಬಯಕಿ ಬುತ್ತಿ” ಎಂದನಂತೆ. ಇದನ್ನು ಕೇಳಿ ಚಾಚಿ ನಕ್ಕ ನಗೆ ಓಣಿಯ ಕೊನೆಗೂ ಕೇಳಿರಬೇಕು. ಅತ್ತೆಗೆ ಮಾತ್ರ ಬೀಗರ ಮನೆಯಿಂದ ಗೊಬ್ಬರ ಬಂದದ್ದು ನಾಲ್ಕು ದಿನ ಮುಖ ಎತ್ತದಂಥ ಅವಮಾನ.

ಆ ಬೇಸಿಗೆಯಲ್ಲಿ ಮೈದುನ ಮಾಳಿಗೆಯ ಮೇಲೆ ನೀರಿನ ಹೊಸ ಪ್ಲಾಸ್ಟಿಕ್ ಟಾಕಿ ಕೂರಿಸಿದ. ನಳದವನನ್ನು ಕರೆಯದೆ ತನ್ನ ಗೆಳೆಯನೊಬ್ಬನಿಂದ ಪೈಪು ಹಾಕಿಸಿದ. ಮಳೆಗಾಲ ಬಂತು. ಶ್ರಾವಣ ಕಳೆಯುವ ಹೊತ್ತಿಗೆ ನಮ್ಮ ಪಡಸಾಲೆಯ ಛಾವಣಿಯಲ್ಲಿ ಒಂದು ತಾಟಿನಷ್ಟು ತೇವ ಕಾಣಿಸಿತು. ಅದು ದಿನದಿನಕ್ಕೆ ಹಿಗ್ಗುತ್ತ ಹೋಯಿತು.

ಬಟ್ಟೆ ತೆಗೆಯಲು ಹೋದಾಗ ನಾನು ನೋಡಿದ್ದೆ. ಟಾಕಿಯ ಬುಡದಲ್ಲಿ ಪೈಪು ತಿರುಗುವ ಕಡೆ ಹನಿ ಬೀಳುತ್ತಿತ್ತು. ಹನಿ ಬಿದ್ದಲ್ಲಿ ಪಾಚಿ ಕಟ್ಟಿತ್ತು. ಚಾಚಿಯೂ ನೋಡಿದ್ದರು, ನನಗೆ ತೋರಿಸಿಯೂ ಇದ್ದರು. ಅದು ಪಡಸಾಲೆಯ ನೆತ್ತಿಯ ಮೇಲೆಯೇ ಇತ್ತು. ಚಾಚಿಯ ಡಬ್ಬಿಗಳಿದ್ದದ್ದು ಮಾಳಿಗೆಯ ಇನ್ನೊಂದು ತುದಿಗೆ, ಅಡುಗೆಮನೆಯ ಮೇಲೆ. ಅಡುಗೆಮನೆಯ ಛಾವಣಿ ಒಣಗಿ ಕಟಕಟ ಎನ್ನುತ್ತಿತ್ತು.

ಒಂದು ಮುಂಜಾನೆ ಪಡಸಾಲೆಯಲ್ಲಿ ಗಿಲಾವಿನ ಒಂದು ಹಕ್ಕಳೆ ಕಳಚಿ ಬಿತ್ತು. ಮಾವ ಕೂರುವ ಕುರ್ಚಿಯ ಪಕ್ಕದಲ್ಲೇ. ಮಾವ ಮಾಳಿಗೆಯತ್ತ ಮುಖ ಮಾಡಿ ಚಾಚಿಯನ್ನು ಕೂಗಿದರು. ಕೆಳಗೆ ಬಂದ ಚಾಚಿ ಬಾಗಿಲ ಹೊರಗೇ ನಿಂತರು.

“ನಿನ್ನ ಡಬ್ಬಿ-ಗಿಬ್ಬಿ ಎಲ್ಲಾ ತೆಗಿ. ದಿನಾ ನೀರ ಸುರುವಿ ಸುರುವಿ ನನ್ನ ಮನಿ ಕೊಳಸಿ ಇಟ್ಟಿ” ಎಂದರು ಮಾವ.

“ಅಣ್ಣಾರ, ನೀರ ನನ್ನ ಗಿಡದ್ದಲ್ಲರಿ. ಟಾಕಿ ಪೈಪ್ ಸೋರಾಕತ್ತೈತಿ. ಒಂದ ಸಲ ಮ್ಯಾಲ ಬಂದ ನೋಡ್ರಿ, ನಾ ತೋರಸ್ತೇನಿ” ಎಂದರು ಚಾಚಿ.

ಹೊಸ ಟಾಕಿ ಸೋರುತ್ತದೆ ಎಂದದ್ದು ಮೈದುನನಿಗೆ ಚುಚ್ಚಿತು. “ಹೊಸಾ ಟಾಕಿ ಸೋರತೈತಂತ! ಏನರ ಹೇಳಬ್ಯಾಡ” ಎಂದು ಹಾರಿದ. ಮಾಳಿಗೆ ಹತ್ತಲು ಹನ್ನೆರಡು ಮೆಟ್ಟಿಲು. ಒಬ್ಬರೂ ಹತ್ತಲಿಲ್ಲ. ಆಗ ಅತ್ತೆ ನನ್ನ ಕಡೆ ತಿರುಗಿದರು.

“ನೀ ದಿನಾ ಮ್ಯಾಲ ಹೋಗ್ತಿಯಲ್ಲ, ನೀನ ಹೇಳು. ನೀರ ಎಲ್ಲಿಂದ ಬರತೈತಿ?”

ಚಾಚಿ ನನ್ನನ್ನು ನೋಡಿದರು. ಗಾಬರಿಯಿಲ್ಲದ ನೋಟ ಅದು. ನಾನು ಇದ್ದದ್ದನ್ನು ಹೇಳುತ್ತೇನೆ ಎಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ಮೈದುನ ನನ್ನನ್ನು ನೋಡುತ್ತಿದ್ದ. ಮಾವ ನೋಡುತ್ತಿದ್ದರು. ನನ್ನ ಗಂಡ ಅಂದು ಕೆಲಸಕ್ಕೆ ಹೋಗಿದ್ದ. ಇದ್ದಿದ್ದರೂ ಬಾಯಿ ತೆರೆಯುತ್ತಿರಲಿಲ್ಲ, ಅದು ಬೇರೆ ಮಾತು.

“ನನಗ ಗೊತ್ತಿಲ್ರಿ ಅತ್ತಿ” ಎಂದೆ.

ಇಷ್ಟೇ. ಚಾಚಿ ಮೆಟ್ಟಿಲು ಹತ್ತಿ ಹೋದರು. ನಾನು ಅಡುಗೆಮನೆಗೆ ಹೋಗಿ ರೊಟ್ಟಿಯ ಹಿಟ್ಟು ನಾದತೊಡಗಿದೆ...

ಎರಡು ದಿನ ಬಿಟ್ಟು ಚಾಚಿ ಬೀಗರ ಕಡೆಯ ಮದುವೆಗೆಂದು ಬೆಳಗಿನ ಬಸ್ಸಿಗೆ ಮಿಶ್ರಿಕೋಟಿಗೆ ಹೋದರು. ಮಾವ ಕಾಯುತ್ತಿದ್ದದ್ದು ಇದಕ್ಕೇ ಇರಬೇಕು. ಬಸ್ಸು ಹೋದ ಒಂದು ತಾಸಿಗೆ ಇಬ್ಬರು ಆಳುಗಳು ಬಂದರು. ಮಾಳಿಗೆಯಿಂದ ಒಂದೊಂದೇ ಡಬ್ಬಿ ಓಣಿಗೆ ಬಿದ್ದವು. ಮಣ್ಣು ತುಂಬಿದ ಡಬ್ಬಿ ಸಿಮೆಂಟಿನ ಮೇಲೆ ಬೀಳುವ ಸದ್ದು ಬಡಿತದಂಥದು, ಗಟ್ಟಿಯಾಗಿ ಕೇಳುವುದಿಲ್ಲ, ಮೈಯೊಳಗೆ ಕೇಳುತ್ತದೆ. ಹೀರೆಬಳ್ಳಿಯನ್ನು ಬುಡದಲ್ಲಿ ಕೊಯ್ದು ತಗಡಿನಿಂದ ಜಗ್ಗಿದರು. ಕಾಯಿಗಳ ಸಮೇತ ಅದು ಹಗ್ಗದಂತೆ ಸುರುಳಿಯಾಗಿ ಬಂದು ಬಿತ್ತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಒಬ್ಬಿಬ್ಬರು ಬಂದು ಮುಳಗಾಯಿ ಆರಿಸಿಕೊಂಡೂ ಹೋದರು. ಚಾಚಿಯ ಕೈಯಿಂದ ಅದೆಷ್ಟು ಸಲ ಪುದೀನಾ ಇಸಿದುಕೊಂಡವರೋ ಅವರು! “ಸಾಕ್ ನಿಲ್ಲಸ್ರಿ” ಎಂದು ಒಂದು ಬಾಯಿ ಅನ್ನಲಿಲ್ಲ. ನನ್ನ ಬಾಯಿಯೂ ಸೇರಿ.

ಮಧ್ಯಾಹ್ನದ ಬಸ್ಸಿಗೆ ಚಾಚಿ ಬಂದರು. ಮದುವೆಯ ಹೊಸ ಸೀರೆ ಉಟ್ಟಿದ್ದರು. ಓಣಿಯ ಮುಖದಲ್ಲೇ ನಿಂತು ಆ ರಾಶಿಯನ್ನು ನೋಡಿದರು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು ಒಡೆದ ಡಬ್ಬಿಗಳ ನಡುವಿನಿಂದ ಪಲ್ಲೆ ಆರಿಸತೊಡಗಿದರು. ಮುರಿಯದ ಪುಂಡಿಯ ಕಡ್ಡಿ, ಜಜ್ಜಿ ಹೋಗದ ಹೀರೆಕಾಯಿ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು. ಸಂಜೆ ಪಟ್ಟಣ ಪಂಚಾಯಿತಿಯವರ ಕಸದ ಟ್ರ್ಯಾಕ್ಟರು ಬಂದು ಉಳಿದದ್ದನ್ನು ಹೇರಿಕೊಂಡು ಹೋಯಿತು. ಅಪ್ಪ ಬಸ್ಸಿನಲ್ಲಿ ತಂದ ಗೊಬ್ಬರವೂ ಅದರೊಳಗೇ ಹೋಯಿತು.

ಆರಿಸಿದ ಹೀರೆಕಾಯಿಗಳಲ್ಲಿ ಅರ್ಧವನ್ನು ಚಾಚಿ ಎಂದಿನಂತೆ ನಮ್ಮ ಮೆಟ್ಟಿಲ ಮೇಲೆ ಇಟ್ಟಿದ್ದರು. ಯಾಕಿಟ್ಟರು ಎಂದು ಇಂದಿಗೂ ನನಗೆ ಪೂರ್ತಿ ತಿಳಿದಿಲ್ಲ. ನಾಚಿಕೆಯಾಗಲಿ ಎಂದೋ, ಬಳ್ಳಿಯ ಕಾಯಿ ಈ ಮನೆಗೂ ಸಲ್ಲಬೇಕೆಂಬ ತಮ್ಮದೇ ಲೆಕ್ಕವೋ... ಅತ್ತೆ ಅದನ್ನು ಒಳಗೆ ತಂದರು. ಹೆಚ್ಚಿ ಪಲ್ಲೆ ಮಾಡಿದರು. ಮಾವ ಎರಡನೆಯ ಸಲ ಹಾಕಿಸಿಕೊಂಡು ಉಂಡರು. ಈ ಒಂದು ಊಟವನ್ನು ನನ್ನ ಮನಸ್ಸು ಎಂದಿಗೂ ಕ್ಷಮಿಸುವುದಿಲ್ಲ. ಮಾವ ಈಗಿಲ್ಲ, ಆದರೂ ಕ್ಷಮಿಸಲಾರೆ. ಗಿಡ ಕಿತ್ತದ್ದಕ್ಕಿಂತ, ಕಿತ್ತವರೇ ಅದನ್ನು ಚಪ್ಪರಿಸಿದ್ದು ನನ್ನನ್ನು ಹೆಚ್ಚು ಸುಡುತ್ತದೆ.

ತಿಂಗಳ ಕೊನೆಗೆ ಚಾಚಿ ಖೋಲಿ ಬಿಟ್ಟರು. ಕೈಗಾಡಿಯ ಮೇಲೆ ಮಿಶಿನ್ನು, ಒಂದು ಟ್ರಂಕು, ಗಾದಿಯ ಸುರುಳಿ. ಹೋಗುವಾಗ ಅತ್ತೆಗೆ ಹೇಳಿ ಹೋದರು. ನನ್ನ ಕಡೆ ನೋಡಲಿಲ್ಲ.

ಪಡಸಾಲೆಯ ತೇವ ಮಾತ್ರ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಮತ್ತೆರಡು ಹಕ್ಕಳೆ ಬಿದ್ದ ಮೇಲೆ ನಳದವನನ್ನು ಕರೆಸಿದರು. ಅವನು ಮಾಳಿಗೆ ಹತ್ತಿ ಐದು ನಿಮಿಷಕ್ಕೆ ಇಳಿದು ಬಂದ. “ಪೈಪ್ ಸರಿ ಕೂಡಿಸಿಲ್ರಿ ಯಜಮಾನ್ರ. ಮೊದಲಿಂದಾನ ಸೋರೈತಿ” ಎಂದ. ಮೈದುನ ಮೊಬೈಲ್ ನೋಡುತ್ತ ಹೊರಗೆ ಹೋದ. ಅಂದು ನಾನು ಧೈರ್ಯ ಮಾಡಿದೆ. ಧೈರ್ಯ ಎಂಬ ಮಾತೂ ದೊಡ್ಡದಾಯಿತು.

“ಮಾವಾರ, ಚಾಚಿಗೆ ಒಂದ ಮಾತ ಹೇಳಿ ಕಳಸೂಣೇನ್ರಿ?” ಎಂದೆ.

“ಏನಂತ ಹೇಳೂದು? ಅಕಿ ಹೋದ್ಲಲ್ಲ” ಎಂದರು ಮಾವ.

ನನ್ನ ಹೆರಿಗೆ ದೇವಿಕೊಪ್ಪದಲ್ಲಾಯಿತು. ಕೂಸಿಗೆ ಐದು ತಿಂಗಳಾದಾಗ ಕಲಘಟಗಿಗೆ ಮರಳಿದೆ. ಮೊದಲ ವಾರವೇ ತೊಟ್ಟಿಲ ಅಂಗಡಿಗೆ ಹೋಗಿ ಚಾಚಿ ಎಲ್ಲಿರುತ್ತಾರೆಂದು ಕೇಳಿದೆ. ಹಿಟ್ಟಿನ ಗಿರಣಿಯ ಹಿಂದೆ ಎಂದರು. ಮಗಳನ್ನು ಎತ್ತಿಕೊಂಡು ಹೋದೆ.

ಅದೊಂದು ಕೆಳಗಿನ ಖೋಲಿ. ಎದುರಿಗೆ ಗಿರಣಿಯ ಗೋಡೆ, ಹಗಲಲ್ಲೂ ದೀಪ. ಇದ್ದದ್ದು ಒಂದೇ ಕಿಟಕಿ. ಆ ಕಿಟಕಿಯಲ್ಲಿ ಒಂದು ಊಟದ ತಾಟು, ತಾಟಿನ ತುಂಬ ಎರಡೆಲೆಯ ಮೆಂತೆಸಸಿ. ಖೋಲಿಯೆಲ್ಲ ಅದೇ ವಾಸನೆ.

ಚಾಚಿ ಮಿಶಿನ್ ನಿಲ್ಲಿಸಿ ಮಗಳನ್ನು ಎತ್ತಿಕೊಂಡರು. ನಾನು ಸಸಿಗಳ ಕಡೆ ನೋಡುತ್ತಿದ್ದದ್ದನ್ನು ಕಂಡು ಹೇಳಿದರು: “ಇಲ್ಲಿ ಬಿಸಲ ಬರಂಗಿಲ್ಲ. ಎರಡ ಎಲಿ ಬರತಾವ, ಆಮ್ಯಾಲ ಸೊರಗತಾವ. ಅದಕ್ಕ ಎರಡೆಲಿ ಇದ್ದಾಗನ ಕೊಯ್ಕೊಂಡ ತಿಂತೇನಿ.”

ಹುಬ್ಬಳ್ಳಿ ಅಂಗಡಿಯ ಆ ಹುಡುಗಿಗೆ ಇದನ್ನು ಹೇಗೆ ಹೇಳಲಿ? ಬಿಸಿಲಿನಿಂದ ದೂಡಿಸಿಕೊಂಡ ಒಬ್ಬ ಹೆಂಗಸು ಕತ್ತಲೆಯ ಖೋಲಿಯಲ್ಲಿ, ಬೇರೆ ದಾರಿಯಿಲ್ಲದೆ, ಇದನ್ನು ಬೆಳೆದು ತಿನ್ನುತ್ತಿದ್ದಳೆಂದು?

“ಚಾಚಿ, ತಪ್ಪಾತ್ರಿ” ಎಂದೆ. “ಅವತ್ತ ನಾ ಹೇಳಬೇಕಿತ್ತು. ಪೈಪಂತನ ಆತು ಕಡೀಕ.”

“ನನಗ ಗೊತ್ತಿತ್ತು ಪೈಪಂತ” ಎಂದರು. ಮಗಳ ಬೆನ್ನು ತಟ್ಟುತ್ತಿದ್ದ ಕೈ ನಿಲ್ಲಲಿಲ್ಲ. “ನೀ ಹೇಳಿದ್ದರೂ ನಿಮ್ಮ ಮಾವ ಕೇಳತಿದ್ದಿಲ್ಲ. ಡಬ್ಬಿ ಒಗೀತಿದ್ದ, ನಾ ಹೋಗತಿದ್ದೆ. ಎಲ್ಲಾ ಹಂಗ ಆಗತಿತ್ತು. ಆದರ ಒಬ್ಬರರ ನನ್ನ ಪರವಾಗಿ ಮಾತಾಡಿದ್ದರಂತ ನಾ ಅನ್ಕೊಂಡ ಹೋಗತಿದ್ದೆ.”

ಹೋಗಲಿ ಬಿಡು ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಯಾಕೆ ಅನ್ನಬೇಕು? ಸ್ವಲ್ಪ ಹೊತ್ತಿಗೆ ಮಗಳನ್ನು ನನ್ನ ಕೈಗೆ ಕೊಟ್ಟು ಮತ್ತೆ ಮಿಶಿನ್ ತುಳಿಯತೊಡಗಿದರು. ನಾನು ಎದ್ದು ಬಂದೆ. ಆಮೇಲೆ ಗಂಡನ ಕೆಲಸ ಹುಬ್ಬಳ್ಳಿಗಾಯಿತು. ಮತ್ತೆ ಹೋಗಬೇಕು, ಹೋಗಬೇಕು ಎನ್ನುತ್ತಲೇ ವರ್ಷಗಳು ಹೋದವು...

ಮೊಸರು ಮರೆತು ಬಂದ ಆ ದಿನ ರಾತ್ರಿಯೇ ನಿಶ್ಚಯಿಸಿ ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಕಲಘಟಗಿಗೆ ಹೋದೆ. ಮೈದುನನೂ ಮಾಳಿಗೆಯ ಮೇಲೆ ಏನೋ ಮಾಡಿಸಿದ್ದೇನೆ, ನೋಡಲು ಬನ್ನಿ ಎಂದು ಕರೆಯುತ್ತಲೇ ಇದ್ದ. ಬಸ್ಸಿಳಿದು ಮೊದಲು ತೊಟ್ಟಿಲ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಗುರುತು ಹಿಡಿಯಲಿಲ್ಲ. ಚಾಚಿಯ ಹೆಸರೆತ್ತಿದಾಗ, “ಅವರು ತೀರ್ಕೊಂಡ ಎರಡ ಮಳಿಗಾಲ ಆತಲ್ರಿ. ಮಿಶ್ರಿಕೋಟಿಯೊಳಗ, ಮಗಳ ಮನಿಯಾಗ” ಎಂದರು.

ಆ ಸುದ್ದಿಯನ್ನು ಹೊತ್ತುಕೊಂಡೇ ಆ ಮನೆಯ ಹನ್ನೆರಡು ಮೆಟ್ಟಿಲು ಹತ್ತಿದೆ. ತಗಡಿನ ಖೋಲಿ ಇರಲಿಲ್ಲ. ಮಾಳಿಗೆಯ ತುಂಬ ಒಂದೇ ಅಳತೆಯ ಬಿಳಿಯ ಕುಂಡಗಳು, ಕಬ್ಬಿಣದ ಸ್ಟ್ಯಾಂಡು, ಹಸಿರು ಪರದೆ, ಹನಿ ನೀರಿನ ಕೊಳವೆ. ಓಣಿಯ ನಾಲ್ಕೈದು ಮಂದಿ ನೋಡಲು ಬಂದಿದ್ದರು. ಮೈದುನ ಒಬ್ಬೊಬ್ಬರಿಗೂ ಹೆಸರು ಹೇಳಿ ತೋರಿಸುತ್ತಿದ್ದ.

“ಕಲಘಟಗಿಯೊಳಗ ಮಾಳಿಗಿ ಮ್ಯಾಲ ಕಾಯಿಪಲ್ಲೆ ಬೆಳದೋರು ನಾವ ಮೊದಲು” ಎಂದ.

“ಅಲ್ಲ” ಎಂದೆ. ಎಲ್ಲರೂ ತಿರುಗಿದರು. “ಇದ ಮಾಳಿಗಿ ಮ್ಯಾಲ ಚಾಚಿ ಬೆಳದಿದ್ರು. ಹತ್ತ ವರ್ಷ ನಮಗೆಲ್ಲಾ ತಿನ್ನಿಸಿದ್ರು. ನಿಮ್ಮ ಪೈಪ್ ಸೋರಿದ್ದಕ್ಕ ಅವರ ಗಿಡಾ ಎಲ್ಲಾ ಓಣಿಗೆ ಒಗದ್ವಿ. ಪೈಪಂತ ನನಗೂ ಗೊತ್ತಿತ್ತು. ಗೊತ್ತಿದ್ದ ಸುಮ್ನಿದ್ದೆ.”

ಮೈದುನನ ಮುಖ ಕಪ್ಪಿಟ್ಟಿತು. ಬಂದವರು ಕುಂಡಗಳನ್ನು ನೋಡತೊಡಗಿದರು. ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅತ್ತೆ ಕೂತಿದ್ದರು. ಈಗ ಅವರಿಗೆ ಕಣ್ಣು ಮಂಜು.

“ಹೌದವಾ” ಎಂದರು ಅತ್ತೆ. “ಅಕಿ ಹೀರೀಕಾಯಿ ಭಾಳ ಮೆತ್ತಗ ಇರತಿದ್ದುವು.”

ಇವರಿಗೆ ನೆನಪುಳಿದದ್ದು ಹೀರೆಕಾಯಿ! ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಹಾ ಬೇಡವೆಂದು ಹೇಳಿ ಕೆಳಗಿಳಿದೆ.

ಹುಬ್ಬಳ್ಳಿಯ ಬಸ್ಸಿನಲ್ಲಿ ಮಗಳು, “ಯಾರಬೇ ಚಾಚಿ?” ಎಂದು ಕೇಳಿದಳು. ನೀನು ಹೊಟ್ಟೆಯಲ್ಲಿದ್ದಾಗ ನನಗೆ ಉಣ್ಣಲು ಕೊಟ್ಟವರು ಎಂದು ಶುರುಮಾಡಿದೆ. ಯಾವುದನ್ನೂ ಬಿಡಲಿಲ್ಲ. ‘ನನಗ ಗೊತ್ತಿಲ್ರಿ’ ಎಂದದ್ದನ್ನೂ ಹೇಳಿದೆ.

“ನೀ ಯಾಕ ಹೇಳಲಿಲ್ಲಬೇ?” ಎಂದಳು.

ಹೊಸ ಸೊಸೆ, ಹೊಟ್ಟೆಯಲ್ಲಿ ಕೂಸು, ಎದುರಿಗೆ ಹಿರಿಯರು... ಎಲ್ಲ ಕಾರಣಗಳೂ ನಾಲಿಗೆಯ ತುದಿಗೆ ಬಂದವು. ಹದಿನಾಲ್ಕು ವರ್ಷದ ಹುಡುಗಿಯ ಮುಂದೆ ಅವು ಯಾವುವೂ ನಿಲ್ಲುವಂಥವಲ್ಲ ಎಂದು ಗೊತ್ತಾಯಿತು. ಅಂದು ಚಾಚಿಯ ಮುಂದೆಯೂ ನಿಲ್ಲುತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ.